ಅಂಗಡಿಗೆ ಬೀಗ, ಬಡ್ಡಿಗೆ ಬೀಗವಿಲ್ಲ
(ಹೊನ್ನಾಳಿಯಲ್ಲಿ ಸಣ್ಣ ವರ್ತಕರ ಹಾಗೂ ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೊರೋನಾ ಹೋಗಿ ವರ್ಷಗಳಾದುವು, ಈಗೇಕೆ ಆ ಮಾತು ಎಂದು ನೀವು ಕೇಳಬಹುದು. ರೋಗ ಹೋಯಿತು, ಆಗ ಮಾಡಿದ ಸಾಲ ಎಷ್ಟು ಮಂದಿಗೆ ತೀರಿದೆ, ಕೈ ಎತ್ತಿ ನೋಡೋಣ.

೨೦೨೦ರ ಮಾರ್ಚ್ ೨೫. ಅಂದು ಯುಗಾದಿ. ಚನ್ನಗಿರಿ, ನ್ಯಾಮತಿ, ಜಗಳೂರು, ಈ ಹೊನ್ನಾಳಿ, ಎಲ್ಲೆಡೆಯೂ ಜವಳಿ ವರ್ತಕರು ಹಬ್ಬಕ್ಕೂ ಮದುವೆಗಳಿಗೂ ಉದ್ದರಿಯ ಮೇಲೆ ಸರಕು ತುಂಬಿಕೊಂಡು ಕುಳಿತಿದ್ದ ಕಾಲ. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿಗಳ ಭಾಷಣ, ನಡುರಾತ್ರಿಗೆ ದೇಶಕ್ಕೆಲ್ಲ ಬೀಗ. ನಾಲ್ಕು ಗಂಟೆಯ ಅವಕಾಶ! ಮರುವರ್ಷ ಏಪ್ರಿಲ್ ೨೭ರಿಂದ ರಾಜ್ಯ ಸರಕಾರದ ಬೀಗ. ಬೆಳಿಗ್ಗೆ ಆರರಿಂದ ಹತ್ತರ ತನಕ ದಿನಸಿ, ತರಕಾರಿ. ಜವಳಿ, ಪಾತ್ರೆ, ಚಪ್ಪಲಿಯವರಿಗೆ ಅದೂ ಇಲ್ಲ. ಆ ವರ್ಷ ಮೇ ೧೪ರಂದು ಬಸವ ಜಯಂತಿ, ಅಕ್ಷಯ ತೃತೀಯ, ರಂಜಾನ್ ಹಬ್ಬ ಮೂರೂ ಒಟ್ಟಿಗೆ ಬಂದುವು. ಪೇಟೆ ತುಂಬಿ ತುಳುಕಬೇಕಾದ ದಿನ, ಬೀದಿಯಲ್ಲಿ ಪೋಲೀಸರು ಮಾತ್ರ.

ಬೀಗ ಬೇಕಿತ್ತೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಹೆಣ ಎತ್ತಿದ ಮನೆಗಳು ನಮ್ಮ ನಡುವೆಯೂ ಇವೆ. ಅಂಗಡಿ ಮುಚ್ಚಿಸಿದವರು ಬಡ್ಡಿಯನ್ನೇಕೆ ನಿಲ್ಲಿಸಲಿಲ್ಲ, ಇದು ನನ್ನ ಪ್ರಶ್ನೆ. ೨೦೨೦ರ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಬಹುದೆಂದು ರಿಸರ್ವ್ ಬ್ಯಾಂಕು ಹೇಳಿತು. ಬಡ್ಡಿ ಓಡುತ್ತಲೇ ಇತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಬಡ್ಡಿಯ ಮೇಲಿನ ಬಡ್ಡಿಯನ್ನು ಬಿಟ್ಟರು, ಬಡ್ಡಿಯನ್ನು ಬಿಡಲಿಲ್ಲ. ಮೂರು ಲಕ್ಷ ಕೋಟಿಯ ಖಾತರಿ ಸಾಲವೆಂದು ಡಂಗುರ ಸಾರಿದರು. ಅದು ಬ್ಯಾಂಕಿನಲ್ಲಿ ಮೊದಲೇ ಸಾಲವಿದ್ದವರಿಗೆ. ಕೈಗಡದಿಂದ ಅಂಗಡಿ ನಡೆಸುವವನ ಗತಿ?

ಬೀಗ ತೆಗೆದ ಮೇಲೂ ಗಿರಾಕಿ ಬರಲಿಲ್ಲ. ಏಕೆ? ಜಗಳೂರಿನ ಮೆಕ್ಕೆಜೋಳ ನೋಡಿ. ಕೋಳಿ ತಿಂದರೆ ಕೊರೋನಾ ಎಂಬ ಗಾಳಿಸುದ್ದಿಗೆ ಕೋಳಿ ವ್ಯಾಪಾರ ಬಿತ್ತು. ಕೋಳಿಯ ಮೇವಾದ ಜೋಳವನ್ನು ಕೇಳುವವರಿಲ್ಲದಾಯಿತು. ಬೆಂಬಲ ಬೆಲೆ ಕ್ವಿಂಟಲಿಗೆ ೧,೭೬೦ ರೂಪಾಯಿ ಎಂದು ಕಾಗದದಲ್ಲಿತ್ತು. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ. ಸರಕಾರ ಘೋಷಿಸಿದ ೫,೦೦೦ ರೂಪಾಯಿ ಗೊಬ್ಬರದ ಬಾಕಿಗೇ ಸಾಲದು. ಆ ರೈತ ಮಗಳ ಮದುವೆಗೆ ಸೀರೆ ಕೊಳ್ಳುವುದೆಂತು?

ಗಿರಣಿಯ ಸಂಗಾತಿಗಳೇ, ನಿಮ್ಮದೂ ಅದೇ ಕತೆ. ಬೀಗದ ದಿನಗಳಿಗೆ ಪೂರ್ತಿ ಕೂಲಿ ಕೊಡತಕ್ಕದ್ದೆಂದು ಮಾರ್ಚ್ ೨೯ರಂದು ಕೇಂದ್ರ ಗೃಹ ಇಲಾಖೆ ಆಜ್ಞೆ ಮಾಡಿತು. ಮಾಲೀಕರು ಕೋರ್ಟಿಗೆ ಹೋದರು. ಮೇ ೧೮ರಿಂದ ಆಜ್ಞೆಯೇ ಇಲ್ಲವಾಯಿತು. ಅಂದು ನಿಮ್ಮ ಕೈತಪ್ಪಿದ ಕೂಲಿಯೇ ಈ ವರ್ತಕರ ಗಲ್ಲಾಪೆಟ್ಟಿಗೆಗೆ ಬಾರದೆ ಹೋದ ಹಣ. ಉದ್ದರಿ ಪುಸ್ತಕ ಮುಂದಿಟ್ಟುಕೊಂಡು ಇಬ್ಬರೂ ಜಗಳವಾಡಿದಿರಿ. ಹಣ ಇಬ್ಬರ ಬಳಿಯೂ ಇರಲಿಲ್ಲ.

ಮುಂದೆ ಸರಕಾರ ಬೀಗ ಹಾಕಿದರೆ ಅದೇ ದಿನದಿಂದ ಸಣ್ಣ ಸಾಲದ ಬಡ್ಡಿ ನಿಲ್ಲಬೇಕು, ಕೂಲಿಯನ್ನು ಖಜಾನೆಯಿಂದ ಕೊಡಬೇಕು. ಎರಡನ್ನೂ ಒಂದೇ ನಿರ್ಣಯದಲ್ಲಿ ಬರೆದು, ಎರಡೂ ಕಡೆಯವರ ರುಜು ಹಾಕಿಸಿ, ನಾಳೆ ಬೆಳಿಗ್ಗೆ ತಹಶೀಲ್ದಾರರ ಕಚೇರಿಗೆ ಒಟ್ಟಿಗೇ ಹೋಗೋಣ.