ಮಾನ, ಮರ್ಯಾದೆ, ಗೌರವ
(ಗ್ರಾಮಸೇವಕರ ಭಾಷಣ)



ಬಿತ್ತನೆ, ಗೊಬ್ಬರದ ವಿಚಾರ ಹೇಳುವುದು ನನ್ನ ಕೆಲಸ. ಈ ದಿನ ಅದನ್ನು ಸ್ವಲ್ಪ ಬದಿಗಿಟ್ಟು, ನಾವೆಲ್ಲ ದಿನಕ್ಕೆ ಹತ್ತು ಸಲ ಆಡುವ ಒಂದು ಮಾತನ್ನು ವಿಚಾರ ಮಾಡೋಣ. ಆ ಮಾತು 'ಮರ್ಯಾದೆ'. ಸಾಲ ಮಾಡಿ ಮದುವೆ ಮಾಡುವುದು ಮರ್ಯಾದೆಗಾಗಿ. ಒಂದು ಮೊಳ ಬದುವಿಗೆ ಕೋರ್ಟು ಹತ್ತುವುದು ಮರ್ಯಾದೆಗಾಗಿ. ಅಣ್ಣತಮ್ಮಂದಿರು ಮಾತು ಬಿಡುವುದೂ ಮರ್ಯಾದೆಗಾಗಿಯೇ. ಇಷ್ಟು ದುಬಾರಿಯಾದ ಈ ವಸ್ತು ಯಾವುದು?

ಮರ್ಯಾದೆ ಎಂಬ ಪದಕ್ಕೆ ಎಲ್ಲೆ, ಗಡಿ ಎಂಬುದು ಹಳೆಯ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬದು. ಬದು ನೆರೆಯವನ ನೆಲವನ್ನೂ ಕಾಯುತ್ತದೆ, ನಮ್ಮ ಹೊಲದ ಮಣ್ಣನ್ನೂ ನೀರನ್ನೂ ಹಿಡಿದಿಡುತ್ತದೆ. 330 ಅಡಿ ಉದ್ದದ ಬದುವನ್ನು ವರ್ಷಕ್ಕೆ ಅರ್ಧ ಅಡಿಯಂತೆ ಕೆತ್ತಿಕೊಂಡು ಹೋದರೆ, ಏಳು ವರ್ಷದಲ್ಲಿ ನೆರೆಯವನದು ಒಂದು ಗುಂಟೆಗೂ ಹೆಚ್ಚು ನಮ್ಮ ಕಡೆಗೆ ಬಂದಿರುತ್ತದೆ. ನೆಲ ಬಂತು ನಿಜ, ಮರ್ಯಾದೆ ಹೋಯಿತು. ಬದು ಸಣ್ಣದಾದ ಮೇಲೆ ಮೊದಲ ಜೋರು ಮಳೆಗೆ ಇಬ್ಬರ ಮಣ್ಣೂ ಹೋಗುತ್ತದೆ.

ಗೌರವ ಎಂಬುದು 'ಗುರು' ಎಂಬ ಪದದಿಂದ ಬಂದದ್ದು. ಗುರು ಎಂದರೆ ಭಾರವಾದದ್ದು, ತೂಕವುಳ್ಳದ್ದು. ಕಣದಲ್ಲಿ ತೂರುವಾಗ ಜೊಳ್ಳು ದೂರ ಹಾರುತ್ತದೆ, ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತದೆ. ಹಾಗೆಂದು ಹಸಿ ಭತ್ತವನ್ನು ಚೀಲಕ್ಕೆ ತುಂಬಿ ತೂಕ ತೋರಿಸಿದರೆ ಅದು ಗೌರವವಲ್ಲ. ಬೆಂಬಲ ಬೆಲೆಗೆ ಕೊಳ್ಳುವ ಭತ್ತದಲ್ಲಿ ತೇವ ಶೇಕಡ 17ನ್ನು ಮೀರಬಾರದೆಂಬ ನಿಯಮವುಂಟು. ನೀರಿನ ತೂಕ ಬಿಸಿಲಿಗೆ ಇಳಿಯುತ್ತದೆ, ಕಾಳಿನ ತೂಕ ಉಳಿಯುತ್ತದೆ.

ಇನ್ನು ಮಾನ. ಮಾನವೆಂದರೆ ಅಭಿಮಾನದ ಮಾನವೂ ಹೌದು, ತಾಪಮಾನದ ಮಾನವೂ ಹೌದು. ಎರಡನೆಯದಕ್ಕೆ ಅಳತೆ ಎಂದು ಅರ್ಥ. ಎರಡರ ಮೂಲ ಬೇರೆ ಎಂದು ಪಂಡಿತರು ಹೇಳಿದರೂ ನಮ್ಮ ನಾಲಿಗೆಗೆ ಎರಡೂ ಒಂದೇ. ಮದುವೆಯ ಖರ್ಚಿನಲ್ಲಿ ಅಳತೆ ತಪ್ಪಿದವನಿಗೆ ಮಾನ ಉಳಿಯುವುದು ಕಷ್ಟ. ಚಪ್ಪರ ಒಂದೆರಡು ದಿನ ನಿಲ್ಲುತ್ತದೆ, ಬಡ್ಡಿ ಹತ್ತು ವರ್ಷ ನಿಲ್ಲುತ್ತದೆ. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರ ಕಾಯಿದೆಯಂತೆ ಅಪರಾಧ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದನ್ನೇ.

ಎಲ್ಲೆ, ತೂಕ, ಅಳತೆ: ಈ ಮೂರನ್ನೂ ಬಲ್ಲವರು ರೈತರು. ಆದರೂ ಒಂದು ಕಡೆ ನಾವು ಎಡವುತ್ತೇವೆ. ಇನ್ನೊಬ್ಬನಿಗೆ ಮರ್ಯಾದೆ ಕೊಟ್ಟರೆ ನಮ್ಮದು ಕಡಿಮೆಯಾಗುತ್ತದೆಂದು ಎಣಿಸುತ್ತೇವೆ. ನಮ್ಮ ತಾಲ್ಲೂಕಿನದೇ ಒಂದು ಸಂಗತಿಯನ್ನು ಹೇಳಲೇಬೇಕು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಬದನವಾಳು ಇದೆ. ಕೈಯಿಂದ ನೂಲುವ ಖಾದಿ ಕೇಂದ್ರದಿಂದ ಹೆಸರಾದ ಊರು ಅದು. ದುಡಿಮೆಗೆ ಗೌರವ ತಂದ ಊರು. ಅಲ್ಲಿಯೇ 1993ರಲ್ಲಿ, ಗುಡಿಯ ಪ್ರವೇಶದ ವಿಚಾರವಾಗಿ ಬೆಳೆದ ವೈಮನಸ್ಸಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನ ಜಾರಿಗೆ ಬಂದು ಆಗ 43 ವರ್ಷವಾಗಿತ್ತು. ಒಬ್ಬ ಮನುಷ್ಯ ದೇವರ ಮುಂದೆ ಕೈಮುಗಿದು ನಿಂತರೆ ಪಕ್ಕದವನ ಮರ್ಯಾದೆ ಎಷ್ಟು ಸೇರು ಕಮ್ಮಿಯಾಗುತ್ತದೆ? ಅಳೆದು ನೋಡಿದವರು ಯಾರೂ ಇಲ್ಲ. ಆದರೆ ಮೂರು ಜೀವ ಹೋಯಿತು, ಎಷ್ಟೋ ಮನೆಗಳ ನೆಮ್ಮದಿ ಕೆಟ್ಟಿತು.

ಇದು ದೊಡ್ಡ ಸಂಗತಿ. ಇದರ ಬೇರು ಮಾತ್ರ ಸಣ್ಣ ಸಣ್ಣ ಮಾತಿನಲ್ಲಿದೆ. ನಾಟಿಗೆ ಬಂದ ಹಿರಿಯ ಹೆಣ್ಣುಮಗಳನ್ನು 'ಬಾರೇ' ಎಂದು ಕರೆಯುತ್ತೇವೆ. 'ಬನ್ನಿ ಅಮ್ಮ' ಎಂದರೆ ನಮಗೆ ಕಾಸು ಖರ್ಚಿಲ್ಲ. ಆಳಿಗೆ ಬೇರೆ ಲೋಟ ಎತ್ತಿಡುವ ಮನೆ ಇನ್ನೂ ಇದ್ದರೆ, ಅದನ್ನು ಈ ದಿನವೇ ಬಿಡಬೇಕು. ಕೂಲಿಯನ್ನು ಸಂಜೆಯೇ ಕೈಗಿಡುವುದು ಮರ್ಯಾದೆ. ಹೆಣ್ಣುಮಗು ಓದಲು ಹೋಗುವುದನ್ನು ಮನೆತನದ ಹೆಸರಿನಲ್ಲಿ ತಡೆಯದಿರುವುದು ಮರ್ಯಾದೆ.

ಕೊನೆಯದಾಗಿ ನಮ್ಮ ಊರಿನ ಹೆಸರನ್ನೇ ನೋಡಿ: ಚಿಕ್ಕಯ್ಯನಛತ್ರ. ಛತ್ರವೆಂದರೆ ದಾರಿಹೋಕರು ತಂಗುವ ಜಾಗ. ಒಂದು ಹೆಸರು ಇಷ್ಟು ಕಾಲ ಜನರ ಬಾಯಲ್ಲಿ ಉಳಿದಿರುವುದು ಮೆರವಣಿಗೆಯ ಜೊತೆಯಲ್ಲಲ್ಲ, ಪರರಿಗೆ ನೆರಳು ಕೊಡುವ ಕಟ್ಟಡದ ಜೊತೆಯಲ್ಲಿ. ನಾವು ಉಳಿಸಿಕೊಳ್ಳಬೇಕಾದ ಮರ್ಯಾದೆ ಅಂಥದು.