ಮುರಿದ ಬೇಲಿಕಂಬವನ್ನು ಕೀಳುವ ಬಗೆ

(ಸುಲ್ತಾನ್ ಬಜಾರಿನಲ್ಲಿ ಹೋಟೆಲು, ಗಿರಣಿ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಹೋಟೆಲಿನ ಹಿತ್ತಲಲ್ಲಿ ಬೇಲಿಯ ಮರದ ಕಂಬ ಮುರಿದರೆ, "ನಾಲ್ವರು ಹಿಡಿದು ಎಳೆಯಿರಿ" ಎನ್ನುವುದು ವಾಡಿಕೆ. ಸೊಂಟ ಉಳುಕುವುದು ಅಲ್ಲಿಯೇ. ದಿನಗೂಲಿಯವನ ಸೊಂಟ ಉಳುಕಿದರೆ ಮನೆಯವರ ಅನ್ನಕ್ಕೇ ಕುತ್ತು.

ಲೆಕ್ಕ ನೋಡಿ. ಒಂದಡಿ ಚೌಕ, ಎರಡಡಿ ಆಳದ ಕಾಂಕ್ರೀಟು ಗಡ್ಡೆ 100 ಕಿಲೊ ಮೀರುತ್ತದೆ. ಎಳೆದರೆ ಕೊಳೆತ ಮರ ಕೈಗೆ ಬರುತ್ತದೆ, ಗಡ್ಡೆ ಅಲುಗದು.

ಮೊದಲು ನೆಲದ ಸಂಗತಿ ವಿಚಾರಿಸಿ. ಈ ಸುಲ್ತಾನ್ ಬಜಾರು 1933ರವರೆಗೆ ರೆಸಿಡೆನ್ಸಿ ಬಜಾರ್ ಎನಿಸಿದ್ದ ಹಳೆಯ ಪೇಟೆ. ಇಂಥ ಕಡೆ ಅಡಿಯಲ್ಲಿ ನೀರಿನ ನಳವೋ ವಿದ್ಯುತ್ ತಂತಿಯೋ ಇದ್ದೀತು. ಕೇಳಿ ತಿಳಿಯದೆ ಹಾರೆ ಇಳಿಸಬೇಡಿ.

ಬಳಿಕ ಗಡ್ಡೆಯ ಒಂದು ಮಗ್ಗುಲಲ್ಲಿ ಬುಡದವರೆಗೂ ಗುಂಡಿ ತೋಡಿ. ಉಳಿದ ಮಗ್ಗುಲಿಗೆ ನೀರು ಹೊಯ್ದು ಮಣ್ಣು ಸಡಿಲಿಸಿ. ಎದುರು ಮಗ್ಗುಲಲ್ಲಿ ಹಾರೆ ಇಳಿಸಿ, ಕಲ್ಲಿನ ಒತ್ತು ಕೊಟ್ಟು ಮೀಟಿ, ಗುಂಡಿಯತ್ತ ಒರಗಿಸಿ. ಆಗ ಗುಂಡಿಯೊಳಗೆ ಯಾರೂ ನಿಲ್ಲಕೂಡದು. ಗಡ್ಡೆಗೆ ಹಗ್ಗ ಸುತ್ತಿ, ಇಳಿಜಾರಾಗಿಟ್ಟ ಹಲಗೆಯ ಮೇಲೆ ಹೊರಕ್ಕೆ ಜಾರಿಸಿ. ಮೀಟುವ ಹಾರೆಯ ಬಲ ತೋಳಿಗಿಲ್ಲ; ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಸ ಕಂಬ ನಿಲ್ಲಿಸುವಾಗ ಒಂದು ನೆನಪಿರಲಿ. ಮರ ಒಣಗಿ ಕುಗ್ಗಿದರೆ ಕಾಂಕ್ರೀಟಿನ ಸುತ್ತ ಸಂದು ಬಿದ್ದು ಮಳೆನೀರು ನಿಲ್ಲುತ್ತದೆ; ಕಂಬ ನೆಲಮಟ್ಟದಲ್ಲೇ ಕೊಳೆಯುತ್ತದೆ. ಆದ್ದರಿಂದ ಅಡಿಗೆ ಜಲ್ಲಿ ಹಾಕಿ. ಕಾಂಕ್ರೀಟಿನ ಮೇಲ್ಭಾಗವನ್ನು ಹೊರಕ್ಕೆ ಇಳಿಜಾರು ಮಾಡಿ.

ಯಜಮಾನರು ಅವಸರಪಡಿಸಿದರೆ ಎಲ್ಲರೂ ಕೂಡಿ ಒಂದೇ ಮಾತು ಹೇಳಿ: ಹಾರೆ ಕೊಡಿ, ಹಗ್ಗ ಕೊಡಿ, ವೇಳೆ ಕೊಡಿ. ಕಂಬವೂ ಬರುತ್ತದೆ, ಸೊಂಟವೂ ಉಳಿಯುತ್ತದೆ.