ಕ್ಯಾಲ್ಸಿಯಂ ಇಂಜೆಕ್ಷನ್: ಬಳಕೆ ಮತ್ತು ಎಚ್ಚರ



ವೈದ್ಯಕೀಯ ವಿಷಯವನ್ನು ಕನ್ನಡದಲ್ಲೇ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಸಭೆಯಲ್ಲಿ ವೈದ್ಯರಿಗಿಂತ ನರ್ಸ್‌ಗಳೇ ಹೆಚ್ಚಾಗಿ ಕಾಣುತ್ತಿದ್ದಾರೆ. ಒಳ್ಳೆಯದೇ ಆಯಿತು. ಕ್ಯಾಲ್ಸಿಯಂ ಬರೆಯುವುದು ವೈದ್ಯರಾದರೂ ಸಿರಿಂಜು ಒತ್ತುವ ಕೈ ನಿಮ್ಮದು, ಮತ್ತು ಈ ಔಷಧದ ಅರ್ಧ ಗುಣ, ಅರ್ಧ ಅಪಾಯ ಆ ಕೈಯ ವೇಗದಲ್ಲಿದೆ.

ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲಿ ಒಂದು ಕಾಲಕ್ಕೆ ಕ್ಯಾಲ್ಸಿಯಂ ಎಂದರೆ ಶಕ್ತಿಯ ಇಂಜೆಕ್ಷನ್ನು. ‘ತುಂಬಾ ಸುಸ್ತು ಡಾಕ್ಟ್ರೇ, ಏನಾದ್ರೂ ಚುಚ್ಚಿಬಿಡಿ’ ಎಂದವರಿಗೆ ಅದನ್ನೇ ನರಕ್ಕೆ ಕೊಡುತ್ತಿದ್ದರು. ಔಷಧ ಒಳಹೋಗುತ್ತಿದ್ದಂತೆ ಮೈಯೆಲ್ಲ ಬಿಸಿಯಾಗುತ್ತಿತ್ತು, ರೋಗಿಗೆ ಔಷಧ ಹತ್ತಿತೆಂಬ ಸಮಾಧಾನ. ನಿಜವಾಗಿ ಅದು ರಕ್ತನಾಳಗಳು ಹಿಗ್ಗಿದ ಲಕ್ಷಣ, ಔಷಧ ಬೇಗ ಹೋಗುತ್ತಿದೆ ಎಂಬುದರ ಸೂಚನೆ. ಇನ್ನೂ ಬೇಗ ಹೋದರೆ ಬಿ.ಪಿ. ಕುಸಿಯುತ್ತದೆ, ನಾಡಿ ನಿಧಾನವಾಗುತ್ತದೆ, ಹೃದಯ ನಿಂತೂ ಹೋಗಬಹುದು. ಸುಸ್ತಿಗೆ ಕ್ಯಾಲ್ಸಿಯಂ ಚುಚ್ಚುವ ಅಭ್ಯಾಸಕ್ಕೆ ಯಾವ ಆಧಾರವೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೃದಯಕ್ಕೂ ಕ್ಯಾಲ್ಸಿಯಂಗೂ ಇರುವ ನಂಟು ಗೊತ್ತಾದದ್ದು ಲಂಡನ್ನಿನ ಕೊಳಾಯಿ ನೀರಿನಿಂದ. ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿ ಬಡಿಯುವಂತೆ ಮಾಡಿ 1882ರಲ್ಲಿ ವರದಿ ಬರೆದರು. ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ, ನ್ಯೂ ರಿವರ್ ವಾಟರ್ ಕಂಪನಿಯ ನೀರಿನಲ್ಲಿ ಮಾಡಲಾಗಿತ್ತು ಎಂಬುದು ಆಮೇಲೆ ತಿಳಿಯಿತು. ಬಟ್ಟಿ ಇಳಿಸಿದ ನೀರು ಬಳಸಿದಾಗ ಹೃದಯದ ಬಡಿತ ಸೋತು ನಿಂತಿತು, ಸ್ವಲ್ಪ ಕ್ಯಾಲ್ಸಿಯಂ ಸೇರಿಸಿದರೆ ಮತ್ತೆ ಬಡಿಯಿತು. 1883ರಲ್ಲಿ ಅವರು ಅದನ್ನು ತಿದ್ದಿ ಬರೆದರು. ಇಂದು ನಾವು ಆರ್.ಎಲ್. ಎನ್ನುವ ಬಾಟಲಿಯಲ್ಲಿರುವ ‘ರಿಂಗರ್’ ಇವರೇ.

ಈಗ ವಾರ್ಡಿಗೆ ಬರೋಣ. ಎರಡು ಸಲದ ಡಯಾಲಿಸಿಸ್ ತಪ್ಪಿಸಿಕೊಂಡವರು ಕೈಕಾಲು ಸೋತು ಬರುತ್ತಾರೆ. ಇ.ಸಿ.ಜಿ. ತೆಗೆದರೆ ಟಿ ಅಲೆ ಚೂಪಾಗಿ ಎದ್ದಿರುತ್ತದೆ, ಪಿ ಅಲೆ ಮಾಯ, ಕ್ಯೂ.ಆರ್.ಎಸ್. ಅಗಲ. ಇವು ಪೊಟ್ಯಾಸಿಯಂ ಏರಿದ ಲಕ್ಷಣ, ಲ್ಯಾಬಿನಿಂದ ವರದಿ ಬರುವವರೆಗೆ ಕಾಯುವಂತಿಲ್ಲ. ಕ್ಯಾಲ್ಸಿಯಂ ಕೊಡುತ್ತಾ ಮಾನಿಟರ್ ನೋಡುತ್ತಿದ್ದರೆ ಎರಡು ಮೂರು ನಿಮಿಷದಲ್ಲಿ ಆ ಅಗಲವಾದ ಗೆರೆಗಳು ಕಿರಿದಾಗುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ವೈದ್ಯಕೀಯದಲ್ಲಿ ಇಷ್ಟು ಬೇಗ ಫಲ ಕಾಣುವ ಕೆಲಸಗಳು ಹೆಚ್ಚಿಲ್ಲ. ಆದರೆ ರಕ್ತದ ಪೊಟ್ಯಾಸಿಯಂ ಒಂದು ಚೂರೂ ಇಳಿದಿರುವುದಿಲ್ಲ. ಕ್ಯಾಲ್ಸಿಯಂ ಹೃದಯದ ಸ್ನಾಯುವನ್ನು ಅದರ ಹೊಡೆತದಿಂದ ಕಾಪಾಡಿರುತ್ತದೆ, ಅದೂ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಮಾತ್ರ. ಇನ್ಸುಲಿನ್-ಡೆಕ್ಸ್‌ಟ್ರೋಸ್, ನೆಬುಲೈಸರ್, ಡಯಾಲಿಸಿಸ್ ಎಲ್ಲಕ್ಕೂ ಆ ಅವಧಿಯಲ್ಲೇ ಓಡಬೇಕು. ಗೆರೆ ಸರಿಯಾಯಿತೆಂದು ಕೈಕಟ್ಟಿ ಕುಳಿತರೆ ಕೊಟ್ಟ ಕ್ಯಾಲ್ಸಿಯಂ ವ್ಯರ್ಥ.

ಎಷ್ಟು ಕೊಡಬೇಕು ಎಂಬಲ್ಲೇ ದೊಡ್ಡ ಗೊಂದಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್. ಇನ್ನೊಂದು ಶೇ. 10ರ ಕ್ಯಾಲ್ಸಿಯಂ ಕ್ಲೋರೈಡ್. ಎರಡರಲ್ಲೂ 10 ಎಂ.ಎಲ್.ಗೆ ಒಂದು ಗ್ರಾಂ ಲವಣ. ಆದರೆ ಗ್ಲುಕೊನೇಟಿನಲ್ಲಿರುವ ಅಸಲು ಕ್ಯಾಲ್ಸಿಯಂ ಸುಮಾರು 93 ಮಿಲಿಗ್ರಾಂ, ಕ್ಲೋರೈಡಿನಲ್ಲಿ 273 ಮಿಲಿಗ್ರಾಂ. ಮೂರು ಪಟ್ಟು! ಪೊಟ್ಯಾಸಿಯಂ ಏರಿದಾಗ 10 ಎಂ.ಎಲ್. ಗ್ಲುಕೊನೇಟ್ ಸಾಕೆಂದು ನಾವೆಲ್ಲ ಓದಿದ್ದು. ಬ್ರಿಟನ್ನಿನ ಕಿಡ್ನಿ ತಜ್ಞರ ಮಾರ್ಗಸೂಚಿ ಈಗ 30 ಎಂ.ಎಲ್. ಹೇಳುತ್ತದೆ, ಅಂದರೆ 10 ಎಂ.ಎಲ್. ಕ್ಲೋರೈಡಿಗೆ ಸಮ. 10 ಎಂ.ಎಲ್. ಕೊಟ್ಟು ಐದು ನಿಮಿಷದಲ್ಲಿ ಇ.ಸಿ.ಜಿ. ಬದಲಾಗದಿದ್ದರೆ ಮತ್ತೆ ಕೊಡುವುದಕ್ಕೆ ಹಿಂಜರಿಯಬಾರದು ಎಂಬುದು ನನ್ನ ಅಭಿಪ್ರಾಯ. ತುರ್ತು ಅಷ್ಟಿಲ್ಲದಿದ್ದರೆ ವಯಸ್ಕರಿಗೆ ಗ್ಲುಕೊನೇಟಿನ ವೇಗ ನಿಮಿಷಕ್ಕೆ 2 ಎಂ.ಎಲ್. ಮೀರಬಾರದು, ಮಕ್ಕಳಿಗೆ 1 ಎಂ.ಎಲ್.

ಈ ವಿಷಯದಲ್ಲಿ ಪಶುವೈದ್ಯರಿಂದ ನಾವು ಕಲಿಯಬೇಕು. ಕರು ಹಾಕಿದ ಹಸು ಹಾಲುಜ್ವರದಿಂದ ಮಲಗಿದಾಗ (ಹೆಸರಷ್ಟೇ ಜ್ವರ, ಮೈ ತಣ್ಣಗಿರುತ್ತದೆ) ಅವರು 450 ಎಂ.ಎಲ್. ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಬಾಟಲಿ ಏರಿಸುವುದು ಹಸುವಿನ ಎದೆಬಡಿತ ಕೇಳುತ್ತಲೇ. ಲಯ ತಪ್ಪಿದರೆ ಬಾಟಲಿ ಕೆಳಗಿಳಿಸುತ್ತಾರೆ.

ಹೆರಿಗೆ ವಾರ್ಡಿನಲ್ಲಿ ಕ್ಯಾಲ್ಸಿಯಂ ಮುಖ್ಯವಾಗಿ ಪ್ರತಿಮದ್ದು. ನಂಜು ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್‌ಸಲ್ಫ್ ಕೊಡುತ್ತೇವೆ. ಮೂತ್ರ ಕಡಿಮೆಯಾದರೆ ಅದು ಮೈಯಲ್ಲೇ ಉಳಿಯುತ್ತದೆ. ಮೊದಲು ಮೊಣಕಾಲಿನ ಜರ್ಕ್ ಹೋಗುತ್ತದೆ, ಆಮೇಲೆ ಉಸಿರು ಸೋಲುತ್ತದೆ. ಆಗ 10 ಎಂ.ಎಲ್. ಗ್ಲುಕೊನೇಟನ್ನು ನಿಧಾನವಾಗಿ ನರಕ್ಕೆ ಕೊಡಬೇಕು, ಜೊತೆಗೆ ಉಸಿರಿಗೆ ಆಸರೆ. ಆ ಆಂಪೂಲ್ ಬೀಗ ಹಾಕಿದ ಬೀರುವಿನಲ್ಲಿದ್ದರೆ ಇಲ್ಲದಂತೆಯೇ ಲೆಕ್ಕ. ಮ್ಯಾಗ್‌ಸಲ್ಫ್ ಇರುವ ಟ್ರೇಯಲ್ಲೇ ಸಿರಿಂಜಿನ ಸಮೇತ ಇರಲಿ.

ಥೈರಾಯ್ಡ್ ಆಪರೇಷನ್ನಿನ ಮರುದಿನ ತುಟಿ, ಬೆರಳು ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು, ರಕ್ತ ಬಹಳ ಏರಿಸಿದಾಗ ಅದರ ಸಿಟ್ರೇಟ್ ಕ್ಯಾಲ್ಸಿಯಂ ಹೀರುವುದು ನಿಮಗೆಲ್ಲ ಗೊತ್ತಿರುವ ಸಂದರ್ಭಗಳೇ. ಹೃದಯ ನಿಂತವರಿಗೆಲ್ಲ ಕ್ಯಾಲ್ಸಿಯಂ ಕೊಡುವುದು ಮಾತ್ರ ತಪ್ಪು. ಡೆನ್ಮಾರ್ಕಿನಲ್ಲಿ 391 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾಲ್ಸಿಯಂ ಪಡೆದವರಲ್ಲಿ ಶೇ. 19, ಬರೀ ಸಲೈನ್ ಪಡೆದವರಲ್ಲಿ ಶೇ. 27 ಮಂದಿಗೆ ಬಡಿತ ಮರಳಿತು. ಹಾನಿಯ ಸುಳಿವು ಕಂಡು ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಪೊಟ್ಯಾಸಿಯಂ ಏರಿದೆ, ಕ್ಯಾಲ್ಸಿಯಂ ಇಳಿದಿದೆ ಎಂಬಂಥ ಕಾರಣವಿದ್ದರೆ ಬೇರೆ ಮಾತು.

ನರದಿಂದ ಹೊರಗೆ ಸೋರಿದರೆ ಕ್ಯಾಲ್ಸಿಯಂ ಚರ್ಮವನ್ನೇ ಸುಡುತ್ತದೆ. ಎಳೆಗೂಸಿನ ಅಂಗೈ ಹಿಂಭಾಗದ ಸಣ್ಣ ಕ್ಯಾನುಲಾದಲ್ಲಿ ಹೀಗಾದದ್ದನ್ನು ಕಂಡಿದ್ದೇನೆ. ಮೊದಲು ಬಿಳಿಚಿದ ಊತ, ಆಮೇಲೆ ಕಪ್ಪು ಹಕ್ಕಳೆ, ಅಡಿಯಲ್ಲಿ ಮರಳು ಸಿಕ್ಕಿದಂತೆ ಗಟ್ಟಿ ಗಟ್ಟಿ ಗಂಟು. ಕ್ಲೋರೈಡ್ ಇನ್ನೂ ಕೆಟ್ಟದ್ದು, ಅದಕ್ಕೆ ದೊಡ್ಡ ನರವೇ ಬೇಕು. ಮೊದಲು ಸಲೈನ್ ಬಿಟ್ಟು ಕ್ಯಾನುಲಾ ಸರಿಯಿದೆಯೇ ನೋಡಿ, ಮಗು ಅತ್ತರೆ ನಿಲ್ಲಿಸಿ. ಮಾಂಸಖಂಡಕ್ಕೆ ಚುಚ್ಚುವುದಂತೂ ಬೇಡವೇ ಬೇಡ.

ಬೈಕಾರ್ಬೊನೇಟ್ ಹೋಗುತ್ತಿರುವ ಲೈನಿನಲ್ಲೇ ಕ್ಯಾಲ್ಸಿಯಂ ಬಿಟ್ಟರೆ ಕೊಳವೆಯೊಳಗೆ ಸುಣ್ಣ ಗರಣೆಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಜೊತೆಗೂ ಹಾಗೆಯೇ. 28 ದಿನದೊಳಗಿನ ಶಿಶುವಿಗೆ ನರದ ಮೂಲಕ ಕ್ಯಾಲ್ಸಿಯಂ ಹೋಗುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಕೊಡಲೇಬಾರದು, ಬೇರೆ ಲೈನಿನಲ್ಲೂ ಕೊಡಬಾರದು. ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಎರಡೂ ಕೂಡಿ ಗಟ್ಟಿಗಟ್ಟಿ ಶಿಶುಗಳು ಸತ್ತಿವೆ. ದೊಡ್ಡವರಲ್ಲಿ ಒಂದಾದ ಮೇಲೊಂದು ಕೊಡಬಹುದು, ನಡುವೆ ಲೈನನ್ನು ಚೆನ್ನಾಗಿ ತೊಳೆದಿರಬೇಕು. ಆರ್.ಎಲ್.ನಲ್ಲೂ ಕ್ಯಾಲ್ಸಿಯಂ ಇದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಕೊನೆಗೆ ಒಂದು ವಿನಂತಿ. ಕೇಸ್ ಶೀಟಿನಲ್ಲಿ ‘ಕ್ಯಾಲ್ಸಿಯಂ ಒಂದು ಆಂಪೂಲ್’ ಎಂದು ಬರೆಯುವುದನ್ನು ವೈದ್ಯರು ಇಂದಿನಿಂದಲೇ ಬಿಡಬೇಕು. ಯಾವ ಲವಣ, ಶೇಕಡಾ ಎಷ್ಟು, ಎಷ್ಟು ಎಂ.ಎಲ್., ಎಷ್ಟು ನಿಮಿಷದಲ್ಲಿ ಎಂಬ ನಾಲ್ಕೂ ಬರಲಿ. ಹಾಗೆ ಬರೆಯದಿದ್ದರೆ ನರ್ಸ್‌ಗಳು ಸಿರಿಂಜು ತುಂಬುವ ಮೊದಲು ಫೋನ್ ಮಾಡಿ ಕೇಳಲಿ. ರಾತ್ರಿ ಎರಡು ಗಂಟೆಗೆ ಕೇಳಿದರೂ ವೈದ್ಯರು ಸಿಡುಕದೆ ಉತ್ತರ ಕೊಡಬೇಕು.